ಮನೆಯ ಜಗಳ ಮೊದಲು ಠಾಣೆಗೇ ಏಕೆ ಹೋಗುತ್ತದೆ?

ಸಂಸಾರ ಮುರಿಯುವ ಹಂತಕ್ಕೆ ಬಂದಾಗ ಹೆಂಡತಿಗೆ ತಕ್ಷಣ ಬೇಕಾಗುವುದು ನಾಲ್ಕು ಸಂಗತಿಗಳು: ಮೈಮೇಲೆ ಕೈ ಬೀಳದಂತೆ ರಕ್ಷಣೆ, ಇರಲು ಒಂದು ಸೂರು, ತಿಂಗಳ ಖರ್ಚಿಗೆ ಹಣ, ಮಕ್ಕಳು ಯಾರ ಬಳಿ ಇರಬೇಕೆಂಬ ತೀರ್ಮಾನ. ಗಂಡನಿಗೆ ಬೇಕಾಗುವುದೂ ಇವುಗಳಿಂದ ದೂರದ್ದಲ್ಲ. ಮಗುವನ್ನು ನೋಡಲು ಅವಕಾಶ ಸಿಗಬೇಕು, ಎಷ್ಟು ಹಣ ಕೊಡಬೇಕೆಂಬುದು ಖಚಿತವಾಗಬೇಕು, ವಯಸ್ಸಾದ ತಂದೆತಾಯಿ ಕೋರ್ಟು ಕಚೇರಿ ಅಲೆಯುವಂತಾಗಬಾರದು. ಇವುಗಳಲ್ಲಿ ಯಾವುದನ್ನೂ ಆದೇಶ ಮಾಡಿ ಕೊಡುವ ಅಧಿಕಾರ ಪೊಲೀಸ್ ಠಾಣೆಗಿಲ್ಲ. ಇನ್‌ಸ್ಪೆಕ್ಟರ್ ಜೀವನಾಂಶ ನಿಗದಿ ಮಾಡಲಾರರು, ಮನೆಯಲ್ಲಿ ವಾಸಿಸುವ ಹಕ್ಕನ್ನು ಬರೆದುಕೊಡಲಾರರು, ಮಗುವಿನ ಸುಪರ್ದಿಯನ್ನು ತೀರ್ಮಾನಿಸಲಾರರು. ಆದರೂ ಮನೆಯ ಜಗಳ ಹೊಸ್ತಿಲು ದಾಟಿದ ಕೂಡಲೇ ಹೋಗುವುದು ಠಾಣೆಗೆ. ಬೇಕಾದದ್ದು ಒಂದು ಕಡೆ ಇದೆ, ಜನ ಹೋಗುತ್ತಿರುವುದು ಇನ್ನೊಂದು ಕಡೆಗೆ. ಹೀಗೇಕೆ ಎಂದು ಬಿಡಿಸಿ ನೋಡಿದರೆ, ವರದಕ್ಷಿಣೆ ಕಿರುಕುಳದ ಕಾನೂನಿನ ಸುತ್ತ ನಡೆಯುತ್ತಿರುವ ವಾಗ್ವಾದ ಬೇರೆಯದೇ ಆಗಿ ಕಾಣುತ್ತದೆ. ಕ್ರಿಮಿನಲ್ ದೂರಿನ ಮೇಲೆ ಇಷ್ಟೊಂದು ಭಾರ ಬಿದ್ದಿರುವುದಕ್ಕೆ ಕಾರಣವನ್ನು ಆ ಕಾನೂನಿನ ಒಳಗೆ ಹುಡುಕುವುದಕ್ಕಿಂತ, ಪಕ್ಕದಲ್ಲೇ ಇರುವ ಪರಿಹಾರದ ಕಾನೂನುಗಳು ಹೇಳಿದ ಸಮಯಕ್ಕೆ ಕೆಲಸ ಮಾಡದಿರುವುದರಲ್ಲಿ ಹುಡುಕಬೇಕು ಎನ್ನುವುದು ನನ್ನ ವಾದ.

ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಮು ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ಸೊಸೆ ಸತ್ತಳೆಂಬ ಸುದ್ದಿಗಳು ದೇಶದ ಎಲ್ಲ ಕಡೆಯಿಂದ ಬರುತ್ತಿದ್ದವು; ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಸಂಸತ್ತು ಎಚ್ಚೆತ್ತುಕೊಂಡಿತು. 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮು ಬಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕ್ರೌರ್ಯದ ಅಪರಾಧ 85 ಮತ್ತು 86ನೇ ಸೆಕ್ಷನ್‌ಗಳಲ್ಲೂ ವರದಕ್ಷಿಣೆ ಸಾವು 80ನೇ ಸೆಕ್ಷನ್‌ನಲ್ಲೂ ಇವೆ; ಸಂಖ್ಯೆ ಬದಲಾಗಿದೆ, ತಿರುಳು ಅದೇ. ಕ್ರೌರ್ಯಕ್ಕೆ ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಜಾಮೀನು ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಹಾಗೆಂದು ಗಂಡ ಹೆಂಡಿರ ನಡುವಿನ ಪ್ರತಿಯೊಂದು ಮುನಿಸೂ ಈ ಸೆಕ್ಷನ್‌ನೊಳಗೆ ಬರುವುದಿಲ್ಲ. ಹೆಣ್ಣು ಆತ್ಮಹತ್ಯೆಗೆ ಮುಂದಾಗುವಂಥ ಅಥವಾ ಅವಳ ಜೀವಕ್ಕೆ, ದೇಹಕ್ಕೆ, ಮಾನಸಿಕ ಆರೋಗ್ಯಕ್ಕೆ ಗಂಭೀರ ಹಾನಿ ತರುವಂಥ ಉದ್ದೇಶಪೂರ್ವಕ ನಡವಳಿಕೆ ಇರಬೇಕು. ಇಲ್ಲವೇ ಹಣ, ಒಡವೆ, ಆಸ್ತಿಗಾಗಿ ಕಾನೂನುಬಾಹಿರ ಬೇಡಿಕೆಯಿಟ್ಟು ಕೊಟ್ಟ ಕಿರುಕುಳ ಇರಬೇಕು. ವಿಚ್ಛೇದನಕ್ಕೆ ಸಾಕಾಗುವ ಎಷ್ಟೋ ಕಾರಣಗಳು ಜೈಲುಶಿಕ್ಷೆಗೆ ಸಾಕಾಗುವುದಿಲ್ಲ. ಹೋದ ಸಂಸಾರ ಹೋಯಿತು ಎಂದು ಕೌಟುಂಬಿಕ ನ್ಯಾಯಾಲಯ ವಿಚ್ಛೇದನ ಕೊಟ್ಟ ಸಂಗತಿಗಳ ಮೇಲೆಯೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿದರೆ ಅದರಲ್ಲಿ ವಿರೋಧಾಭಾಸವಿಲ್ಲ. ಒಂದು ಕಡೆ ಸಾಧ್ಯತೆಗಳ ತೂಕ ಸಾಕು, ಇನ್ನೊಂದು ಕಡೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು.

ಹಾಗಾದರೆ ಸೂರು, ಹಣ, ರಕ್ಷಣೆ ಎಲ್ಲಿ ಸಿಗಬೇಕು? 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ, 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ. ಇದು ಹೆಂಡತಿಗೆ ಮಾತ್ರ ಸೇರಿದ ಕಾಯ್ದೆ ಎಂದು ಬಹಳ ಜನ ತಿಳಿದಿದ್ದಾರೆ. ತಾಯಿ, ಸಹೋದರಿ, ವಿಧವೆ ಅತ್ತಿಗೆ, ಮದುವೆಯಂಥ ಸಂಬಂಧದಲ್ಲಿ ಜೊತೆಗೆ ಬಾಳಿದ ಹೆಣ್ಣು, ಹೀಗೆ ಒಂದೇ ಮನೆಯಲ್ಲಿ ಕುಟುಂಬದ ಸಂಬಂಧದಲ್ಲಿ ಬದುಕಿದ ಯಾವ ಮಹಿಳೆಯೂ ಇದರಡಿ ಅರ್ಜಿ ಹಾಕಬಹುದು. 18ನೇ ಸೆಕ್ಷನ್‌ನಲ್ಲಿ ರಕ್ಷಣಾ ಆದೇಶ, 19ರಲ್ಲಿ ವಾಸದ ಆದೇಶ, 20ರಲ್ಲಿ ಹಣದ ಪರಿಹಾರ, 21ರಲ್ಲಿ ಮಕ್ಕಳ ತಾತ್ಕಾಲಿಕ ಸುಪರ್ದಿ. 23ರ ಪ್ರಕಾರ ತುರ್ತಿದ್ದರೆ ಎದುರು ಪಕ್ಷದವರು ಬರುವ ಮುಂಚೆಯೇ ಮಧ್ಯಂತರ ಆದೇಶ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾಯ್ದೆಯೇ ಹೇಳುತ್ತದೆ. ಇದರ ಜೊತೆಗೆ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125ನೇ ಕಲಮು ಇದೆ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿ ಯಾರಾದರೂ ಅದರಡಿ ಜೀವನಾಂಶ ಕೇಳಬಹುದು. ಮಧ್ಯಂತರ ಜೀವನಾಂಶದ ಅರ್ಜಿ ನೋಟಿಸ್ ಜಾರಿಯಾದ 60 ದಿನದೊಳಗೆ ಸಾಧ್ಯವಾದಷ್ಟೂ ತೀರ್ಮಾನವಾಗಬೇಕು. 1985ರ ಶಾ ಬಾನೊ ತೀರ್ಪಿನಿಂದ 2024ರ ಜುಲೈನ ತೀರ್ಪಿನವರೆಗೆ, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಕಲಮು ತೆರೆದೇ ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಕಾಗದದ ಮೇಲೆ ನೋಡಿದರೆ ಎರಡು ತಿಂಗಳಲ್ಲಿ ಸೂರು ಮತ್ತು ಹಣ ಎರಡಕ್ಕೂ ದಾರಿಯಾಗಬೇಕು.

ಆಗುವುದು ಹಾಗಲ್ಲ. ಗಂಡ ಕೆಲಸ ಬದಲಿಸಿದ್ದಾನೆ, ವಿಳಾಸ ಬದಲಿಸಿದ್ದಾನೆ, ನೋಟಿಸ್ ಜಾರಿಯಾಗದೆ ಷರಾ ಹೊತ್ತು ವಾಪಸು ಬರುತ್ತದೆ. ಜಾರಿಯಾದ ಮೇಲೆ ವಕಾಲತ್ತು ಹಾಕಲು ಒಂದು ತಾರೀಖು, ತಕರಾರು ಸಲ್ಲಿಸಲು ಇನ್ನೆರಡು ತಾರೀಖು. ಆದಾಯ ಎಷ್ಟು ಎಂಬುದರ ಮೇಲೆ ಮತ್ತೊಂದು ಸುತ್ತಿನ ಜಗಳ. ಆತ ಕೆಲಸವೇ ಇಲ್ಲ ಎನ್ನುತ್ತಾನೆ, ಆಕೆ ಲಕ್ಷಗಟ್ಟಲೆ ಸಂಬಳ ಎನ್ನುತ್ತಾಳೆ. 2020ರ ನವೆಂಬರಿನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಮದ್ದು ಹೇಳಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರದ ಮೇಲೆ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು ಎಂದಿತು. ಪ್ರಮಾಣಪತ್ರ ಬಂದಲ್ಲಿ ಕೆಲಸ ಬೇಗ ಆಗುತ್ತದೆ. ಅದು ಬಾರದೆಯೇ ತಾರೀಖುಗಳು ಕಳೆದುಹೋಗುವುದು ಇನ್ನೂ ನಿಂತಿಲ್ಲ. ಇನ್ನು ಸಂರಕ್ಷಣಾಧಿಕಾರಿಯ ವಿಷಯ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಬೆನ್ನೆಲುಬೇ ಈ ಹುದ್ದೆ: ದೌರ್ಜನ್ಯದ ವರದಿ ಬರೆಯುವುದು, ಅರ್ಜಿ ಹಾಕಲು ನೆರವಾಗುವುದು, ಆದೇಶ ಜಾರಿಯಾಗಿದೆಯೇ ಎಂದು ನೋಡುವುದು ಅವರ ಹೊಣೆ. ಕರ್ನಾಟಕದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಹೆಚ್ಚುವರಿಯಾಗಿ ವಹಿಸಲಾಗಿದೆ. ತಾಲ್ಲೂಕಿನ ಅಂಗನವಾಡಿಗಳು, ಪೌಷ್ಟಿಕ ಆಹಾರ, ಇಲಾಖೆಯ ಸಾಲುಸಾಲು ಯೋಜನೆಗಳು ಎಲ್ಲವನ್ನೂ ಹೊತ್ತ ಅಧಿಕಾರಿ ಒಬ್ಬ ಮಹಿಳೆಯ ಪ್ರಕರಣದ ಹಿಂದೆ ವಾರಗಟ್ಟಲೆ ಓಡಾಡಬೇಕೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯ, ಆಕೆಗೂ ಅನ್ಯಾಯ.

ಈ ಸ್ಥಿತಿಯಲ್ಲಿ ತವರಿನವರು ವಕೀಲರ ಮುಂದೆ ಕೂತಾಗ ಸಿಗುವ ಸಲಹೆ ಏನೆಂದು ಊಹಿಸುವುದು ಕಷ್ಟವಲ್ಲ. ಜೀವನಾಂಶದ ಅರ್ಜಿ ಹಾಕಿದರೆ ವರ್ಷ ಹಿಡಿಯುತ್ತದೆ, ಒಂದು ಕಂಪ್ಲೇಂಟ್ ಕೊಟ್ಟರೆ ಅವರೇ ಮಾತುಕತೆಗೆ ಬರುತ್ತಾರೆ ಎನ್ನುವುದು ಆ ಸಲಹೆ. ಇದರಲ್ಲಿ ವ್ಯಾವಹಾರಿಕ ಸತ್ಯವಿದೆ, ಅದಕ್ಕೇ ಇದು ಅಪಾಯಕಾರಿ. ಗಂಡನೊಬ್ಬನ ಹೆಸರು ಬರೆದರೆ ಒತ್ತಡ ಸಾಲದು ಎಂದು ಅತ್ತೆ, ಮಾವ, ಮೈದುನ, ಬೇರೆ ಊರಿನಲ್ಲಿರುವ ನಾದಿನಿ, ಆಕೆಯ ಗಂಡ ಎಲ್ಲರೂ ದೂರಿನೊಳಗೆ ಸೇರುತ್ತಾರೆ. ದಿನಾಂಕವಿಲ್ಲ, ಸ್ಥಳವಿಲ್ಲ, ಯಾರು ಏನು ಮಾಡಿದರೆಂಬ ವಿವರವಿಲ್ಲ; 'ಎಲ್ಲರೂ ಸೇರಿ ಮಾನಸಿಕ ಮತ್ತು ದೈಹಿಕ ಕಿರುಕುಳ ನೀಡಿದರು' ಎಂಬ ಸಾಲು ಎಲ್ಲ ದೂರುಗಳಲ್ಲೂ ಒಂದೇ ರೀತಿ ಇರುತ್ತದೆ. 2010ರ ಪ್ರೀತಿ ಗುಪ್ತಾ ಪ್ರಕರಣದಲ್ಲಿ, 2022ರ ಕಹಕಶಾನ್ ಕೌಸರ್ ಪ್ರಕರಣದಲ್ಲಿ, 2024ರ ಡಿಸೆಂಬರ್ 10ರ ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಪ್ರತಿಯೊಬ್ಬರ ಪಾತ್ರವೇನೆಂದು ಹೇಳದ ಸಾರಾಸಗಟು ಆರೋಪದ ಮೇಲೆ ನೆಂಟರಿಷ್ಟರನ್ನೆಲ್ಲ ವಿಚಾರಣೆಗೆ ಎಳೆಯಲಾಗದು. ಹೀಗೆ ಬರೆದ ದೂರಿನಿಂದ ಮೊದಲು ಪೆಟ್ಟು ತಿನ್ನುವವಳು ನಿಜವಾಗಿ ಏಟು ತಿಂದ ಹೆಣ್ಣೇ. ನಾದಿನಿಯ ಮೇಲಿನ ಆರೋಪ ಹೈಕೋರ್ಟಿನಲ್ಲಿ ಬಿದ್ದುಹೋದಾಗ ಗಂಡನ ಮೇಲಿನ ನಿಜವಾದ ಆರೋಪವೂ ಅದರ ಜೊತೆಗೆ ಸಡಿಲವಾಗುತ್ತದೆ. ಪಾಟೀಸವಾಲಿನಲ್ಲಿ ಆ ಒಂದು ಎಳೆ ಹಿಡಿದು ಇಡೀ ಸಾಕ್ಷ್ಯವನ್ನು ಬಿಚ್ಚುವುದು ಆರೋಪಿ ಪರ ವಕೀಲರಿಗೆ ಕಷ್ಟದ ಕೆಲಸವಲ್ಲ.

ಬಂಧನದ ಭಯವೇ ಈ ಒತ್ತಡದ ಮೂಲವಾಗಿತ್ತು. 2014ರ ಜುಲೈನಲ್ಲಿ ಬಂದ ಅರ್ನೇಶ್ ಕುಮಾರ್ ತೀರ್ಪು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2012ರ ಅಂಕಿಅಂಶವನ್ನು ಮುಂದಿಟ್ಟಿತ್ತು. ಆ ವರ್ಷ 498ಎ ಅಡಿ ಬಂಧಿತರಾದವರು 1,97,762 ಜನ; ಅವರಲ್ಲಿ 47,951 ಮಂದಿ ಹೆಂಗಸರು, ಎಂದರೆ ಸುಮಾರು ಕಾಲುಭಾಗ. ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು ಶೇ 93.6ರಷ್ಟು ಪ್ರಕರಣಗಳಲ್ಲಿ, ಶಿಕ್ಷೆಯ ಪ್ರಮಾಣ ಶೇ 15. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯ ಎಂದು ಪೊಲೀಸರು ಕಾರಣ ಬರೆಯಬೇಕು, ಅಗತ್ಯವಿಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು, ಯಾಂತ್ರಿಕವಾಗಿ ಕಸ್ಟಡಿಗೆ ಒಪ್ಪುವ ಮ್ಯಾಜಿಸ್ಟ್ರೇಟರೂ ಉತ್ತರ ಹೇಳಬೇಕಾಗುತ್ತದೆ ಎಂದು ಆ ತೀರ್ಪು ವಿಧಿಸಿತು. ಆ ನೋಟಿಸ್ ಈಗ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಉಪಸೆಕ್ಷನ್‌ನಡಿ ಬರುತ್ತದೆ. ಮನೆಗೆ ಇಂಥ ನೋಟಿಸ್ ಬಂದ ಕೂಡಲೇ ಊರು ಬಿಡುವವರಿದ್ದಾರೆ; ಅದು ಎಲ್ಲಕ್ಕಿಂತ ಕೆಟ್ಟ ನಿರ್ಧಾರ. ನೋಟಿಸಿನಂತೆ ಹಾಜರಾಗಿ ತನಿಖೆಗೆ ಸಹಕರಿಸುತ್ತಿರುವವರನ್ನು, ವಿಶೇಷ ಕಾರಣವನ್ನು ಲಿಖಿತವಾಗಿ ದಾಖಲಿಸದೆ ಬಂಧಿಸುವಂತಿಲ್ಲ. ಹಾಜರಾಗದಿದ್ದರೆ ಬಂಧಿಸಲು ಆ ಗೈರುಹಾಜರಿಯೇ ಕಾರಣವಾಗಿಬಿಡುತ್ತದೆ.

ಆರೋಪಿ ಸ್ಥಾನದಲ್ಲಿ ನಿಂತವರು ತಿಳಿದಿರಬೇಕಾದ ಇನ್ನೂ ಕೆಲವು ಸಂಗತಿಗಳನ್ನು ಇಲ್ಲೇ ಹೇಳುವುದು ಒಳ್ಳೆಯದು, ಏಕೆಂದರೆ ಕ್ರಿಮಿನಲ್ ರಕ್ಷಣೆ ಎಂದರೆ ತಪ್ಪಿತಸ್ಥನನ್ನು ಬಿಡಿಸುವ ಜಾಣತನ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಸಂವಿಧಾನದ 22ನೇ ವಿಧಿ ಬಂಧನದ ಕಾರಣ ತಿಳಿಯುವ ಹಕ್ಕನ್ನು, ಇಷ್ಟದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಕೊಟ್ಟಿದೆ. 20(3)ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕನ್ನು ಕೊಟ್ಟಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಲು ಬಳಸುವಂತಿಲ್ಲ. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವರಿಂದ ಸಹಿ ಹಾಕಿಸಿಕೊಳ್ಳುವಂತಿಲ್ಲ. ಠಾಣೆಯಲ್ಲಿ 'ಇನ್ನು ಮುಂದೆ ಸರಿಯಾಗಿರುತ್ತೇನೆ' ಎಂದು ಮುಚ್ಚಳಿಕೆ ಬರೆದುಕೊಡುವ ರೂಢಿ ನಮ್ಮಲ್ಲಿ ವ್ಯಾಪಕ. ಅಲ್ಲಿಗೆ ಮುಗಿಯಿತಲ್ಲ ಎಂದು ಸಹಿ ಹಾಕಿದ ಆ ಹಾಳೆ ವರ್ಷದ ನಂತರ ವಿಚ್ಛೇದನದ ಮೊಕದ್ದಮೆಯಲ್ಲಿ ಎದುರಿಗೆ ಬರಬಹುದು. ಓದದೆ, ವಕೀಲರನ್ನು ಕೇಳದೆ ಸಹಿ ಹಾಕಬಾರದು. ನಿರೀಕ್ಷಣಾ ಜಾಮೀನು ಕೇಳುವುದು ತಪ್ಪೊಪ್ಪಿಕೊಂಡಂತಲ್ಲ. ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕ್ ವರ್ಗಾವಣೆಯ ದಾಖಲೆ, ಆಸ್ಪತ್ರೆಯ ಚೀಟಿ ಇವನ್ನು ಎರಡೂ ಕಡೆಯವರು ಅಳಿಸದೆ ಇಟ್ಟುಕೊಳ್ಳಬೇಕು. ಫೋನಿನಲ್ಲಿರುವುದು ನ್ಯಾಯಾಲಯದಲ್ಲಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರವೂ ಬೇಕಾಗುತ್ತದೆ.

ಫಿರ್ಯಾದಿಯ ಕಡೆಗೆ ಬಂದರೆ, ಮೊದಲ ಕಾಗದದ ತೂಕ ಇನ್ನೂ ಹೆಚ್ಚು. ಯಾವ ದಿನ, ಯಾವ ಮನೆಯಲ್ಲಿ, ಯಾರು, ಏನು ಹೇಳಿದರು, ಏನು ಮಾಡಿದರು, ಆಗ ಯಾರಿಗೆ ಫೋನ್ ಮಾಡಿದೆ ಎನ್ನುವುದು ನೆನಪಿರುವಷ್ಟು ನಿಖರವಾಗಿ ಇರಬೇಕು; ಗೊತ್ತಿಲ್ಲದ್ದನ್ನು ಸೇರಿಸಬಾರದು. ಮದುವೆಯಾಗಿ ಬೆಂಗಳೂರಿಗೆ ಬಂದು, ಹೊಡೆತ ತಾಳಲಾರದೆ ಬೀದರಿನ ತವರಿಗೆ ಮರಳಿದವಳು ದೂರು ಕೊಡಲು ಬೆಂಗಳೂರಿಗೆ ಬರಬೇಕಿಲ್ಲ. ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ತೀರ್ಪು ಹೇಳಿದೆ. ಕಾಲಮಿತಿಯನ್ನೂ ಮರೆಯುವಂತಿಲ್ಲ. ಈ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸಾಮಾನ್ಯವಾಗಿ ಮೂರು ವರ್ಷದ ಗಡುವಿದೆ. 'ಇನ್ನೊಂದು ಹಬ್ಬ ಕಳೆಯಲಿ, ಸರಿಹೋಗುತ್ತದೆ' ಎಂದು ಹಿರಿಯರು ಸಮಾಧಾನ ಹೇಳುವಷ್ಟರಲ್ಲಿ ಎಷ್ಟೋ ಘಟನೆಗಳು ಆ ಗಡುವಿನಾಚೆ ಹೋಗಿಬಿಡುತ್ತವೆ. ಒಡವೆಯ ವಿಷಯದಲ್ಲಂತೂ ಎರಡು ಕಡೆಯ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ಸ್ತ್ರೀಧನ ಹೆಣ್ಣಿನ ಸ್ವಂತ ಸ್ವತ್ತು, ಗಂಡನ ಮನೆಯವರು ಅದನ್ನು ಹಿಡಿದಿಟ್ಟುಕೊಂಡರೆ ನಂಬಿಕೆದ್ರೋಹದ ಅಪರಾಧವಾಗುತ್ತದೆ ಎಂದು 1985ರ ಪ್ರತಿಭಾ ರಾಣಿ ತೀರ್ಪು ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಮದುವೆಯ ಉಡುಗೊರೆಗಳ ಪಟ್ಟಿ ಇಡುವ ನಿಯಮಗಳನ್ನೂ ತಂದಿತು. ವಧು ಮತ್ತು ವರನ ಕಡೆ ಬೇರೆ ಬೇರೆ ಪಟ್ಟಿ, ಪ್ರತಿ ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಹಿ. ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆಯಲು ಪುಸ್ತಕ ಹಿಡಿದು ಒಬ್ಬರನ್ನು ಕೂರಿಸುವ ಪದ್ಧತಿ ಎಂದಿನಿಂದಲೂ ಇದೆ. ನೂರು ರೂಪಾಯಿ ಕೊಟ್ಟವರ ಹೆಸರನ್ನು ತಪ್ಪದೆ ಬರೆದಿಡುವ ನಾವು, ಲಕ್ಷಾಂತರ ಬೆಲೆಯ ಚಿನ್ನಕ್ಕೆ ಕಾನೂನೇ ಕೇಳುವ ಪಟ್ಟಿಯನ್ನು ಬರೆಯುವುದಿಲ್ಲ. ಆ ಒಂದು ಹಾಳೆ ಇದ್ದಿದ್ದರೆ ಇಲ್ಲದ ಒಡವೆಯ ಆರೋಪವೂ ಇದ್ದ ಒಡವೆಯ ನಿರಾಕರಣೆಯೂ ಅರ್ಧಕ್ಕರ್ಧ ಕಡಿಮೆಯಾಗುತ್ತಿದ್ದವು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಈ ಕಲಮು ದುರುಪಯೋಗವಾಗುತ್ತಿದೆ, ತೆಗೆದುಹಾಕಿ, ಇಲ್ಲವೇ ಜಾಮೀನು ಸುಲಭವಾಗಿಸಿ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಹೆಂಡತಿಯ ಕಡೆಯವರ ಮೇಲೆ ಆರೋಪ ಮಾಡಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಈ ಕೂಗು ಜೋರಾಯಿತು. ಆ ಸಾವಿನ ನೋವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. 2005ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಸುಶೀಲ್ ಕುಮಾರ್ ಶರ್ಮಾ ಪ್ರಕರಣದಲ್ಲಿ ದುರುಪಯೋಗದ ಬಗ್ಗೆ ಅತಿ ಕಟುವಾದ ಮಾತನ್ನೇ ಆಡಿತ್ತು. ಆದರೂ ಕಲಮನ್ನು ಅಸಾಂವಿಧಾನಿಕ ಎನ್ನಲು ಒಪ್ಪಲಿಲ್ಲ. ಕಲಮು ಏಕೆ ಉಳಿಯಬೇಕೆಂಬುದಕ್ಕೆ ಕಾರಣ ಅಂಕಿಅಂಶಗಳಲ್ಲೇ ಇದೆ. 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,450. ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ಕರ್ನಾಟಕದಲ್ಲಿ ಶೇ 44.4, ಅದರ ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ 14 ಮಾತ್ರ. ಠಾಣೆಗೆ ಬಂದ ದೂರುಗಳಲ್ಲಿ ಉತ್ಪ್ರೇಕ್ಷೆ ಇರುವುದೂ, ಠಾಣೆಯ ಮೆಟ್ಟಿಲನ್ನೇ ಹತ್ತದ ಹಿಂಸೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿರುವುದೂ ಒಟ್ಟಿಗೆ ನಿಜವಾಗಿರಲು ಸಾಧ್ಯ. ಕಲಮನ್ನು ತೆಗೆದರೆ ಮೊದಲನೆಯದು ಕಡಿಮೆಯಾಗಬಹುದು, ಎರಡನೆಯದು ಇನ್ನಷ್ಟು ಮೌನವಾಗುತ್ತದೆ.

ಶಿಕ್ಷೆಯ ಪ್ರಮಾಣ ಕಡಿಮೆ ಇರುವುದೇ ಸುಳ್ಳು ದೂರುಗಳಿಗೆ ಪುರಾವೆ ಎನ್ನುವ ವಾದವನ್ನೂ ಒಪ್ಪಲಾಗುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಹೊರಗಿನ ಸಾಕ್ಷಿ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ವಿಚಾರಣೆ ಮುಗಿಯುವ ಮುನ್ನವೇ ಎರಡೂ ಕಡೆಯವರು ರಾಜಿಯಾಗಿರುತ್ತಾರೆ. ಜೀವನಾಂಶದ ಇಡುಗಂಟು ಕೈಸೇರಿದ ಮೇಲೆ ಫಿರ್ಯಾದಿ ನ್ಯಾಯಾಲಯದಲ್ಲಿ 'ನನಗೆ ನೆನಪಿಲ್ಲ' ಎನ್ನುತ್ತಾಳೆ. ಪ್ರತಿಕೂಲ ಸಾಕ್ಷಿ ಎಂದು ದಾಖಲಾಗಿ ಆರೋಪಿ ಖುಲಾಸೆಯಾಗುತ್ತಾನೆ, ಅಂಕಿಅಂಶದಲ್ಲಿ ಅದು ಸಾಬೀತಾಗದ ಪ್ರಕರಣವಾಗಿ ಕೂರುತ್ತದೆ. ಈ ಅಪರಾಧವನ್ನು ಪಕ್ಷಗಾರರು ತಾವೇ ರಾಜಿ ಮಾಡಿಕೊಂಡು ಮುಗಿಸುವಂತಿಲ್ಲ. ಹೈಕೋರ್ಟು ತನ್ನ ಅಂತರ್ಗತ ಅಧಿಕಾರ ಬಳಸಿ ರದ್ದು ಮಾಡಬೇಕು. ಅದಕ್ಕೆ 2003ರ ಬಿ.ಎಸ್. ಜೋಶಿ ತೀರ್ಪು ದಾರಿ ಮಾಡಿತು, 2012ರ ಗ್ಯಾನ್ ಸಿಂಗ್ ತೀರ್ಪು ಅದನ್ನು ಗಟ್ಟಿ ಮಾಡಿತು. ಪಂಚಾಯಿತಿಯಲ್ಲಿ ಛಾಪಾಕಾಗದದ ಮೇಲೆ ರಾಜಿ ಬರೆದುಕೊಂಡು ಕೇಸು ಮುಗಿಯಿತೆಂದು ಸುಮ್ಮನಿದ್ದವರಿಗೆ ಎರಡು ವರ್ಷದ ನಂತರ ವಾರಂಟ್ ಬರುವುದು ಇದನ್ನು ಅರಿಯದ ಕಾರಣದಿಂದ. ಈ ಬಗೆಯ ರಾಜಿಗಳು ಇಷ್ಟೊಂದು ಆಗುತ್ತಿರುವುದೇ ನನ್ನ ವಾದಕ್ಕೆ ಬಲವಾದ ಸಾಕ್ಷ್ಯ. ಕ್ರಿಮಿನಲ್ ಪ್ರಕರಣ ಕೊನೆಗೆ ಇತ್ಯರ್ಥವಾಗುವುದು ಜೀವನಾಂಶ, ಒಡವೆ, ಮಗು, ವಿಚ್ಛೇದನ ಈ ನಾಲ್ಕರ ಒಪ್ಪಂದದ ಮೂಲಕ ಎಂದಾದರೆ, ಮೊದಲಿನಿಂದಲೂ ಜಗಳ ಇದ್ದದ್ದು ಅವುಗಳ ಮೇಲೆಯೇ.

ಎರಡನೆಯ ಆಕ್ಷೇಪ ಮಹಿಳಾ ಪರ ಕೆಲಸ ಮಾಡುವವರದು, ಮತ್ತು ಅದು ಹೆಚ್ಚು ಗಂಭೀರವಾದದ್ದು. ಪರಿಹಾರದ ಕಾನೂನುಗಳ ಕಡೆಗೆ ಕಳಿಸಿ ಎಂದರೆ ಹೊಡೆತವನ್ನು ಮತ್ತೆ ಮನೆಯೊಳಗಿನ ಖಾಸಗಿ ವಿಷಯ ಮಾಡಿದಂತಾಗುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಈ ಭಯಕ್ಕೆ ಆಧಾರವಿದೆ. ಮೈಮೇಲೆ ಬಾಸುಂಡೆ ಹೊತ್ತು ಬಂದವಳಿಗೆ 'ಸಂಸಾರ ಅಂದಮೇಲೆ ಇದ್ದದ್ದೇ' ಎಂದು ಬುದ್ಧಿ ಹೇಳಿ, ದೂರಿಗೆ ಹಿಂಬರಹ ಕೊಟ್ಟು ಕಳಿಸುವ ಠಾಣೆಗಳು ಇಲ್ಲದಿಲ್ಲ. ವೈವಾಹಿಕ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಮಾಡಬಹುದೆಂದು 2013ರ ಲಲಿತಾ ಕುಮಾರಿ ತೀರ್ಪು ಕೊಟ್ಟ ಸಡಿಲಿಕೆಯನ್ನು ದೂರನ್ನೇ ತಪ್ಪಿಸಲು ಬಳಸುವುದೂ ಉಂಟು. ಆದ್ದರಿಂದ ಸ್ಪಷ್ಟವಾಗಿ ಹೇಳಬೇಕು: ಹೊಡೆತ, ಬೆಂಕಿ, ಕೊಲೆ ಬೆದರಿಕೆ, ವರದಕ್ಷಿಣೆಗಾಗಿ ಹಿಂಸೆ ಇದ್ದಲ್ಲಿ ಎಫ್‌ಐಆರ್ ಒಂದು ದಿನವೂ ತಡವಾಗಬಾರದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 5ನೇ ಸೆಕ್ಷನ್ ಕೂಡ, ಪರಿಹಾರದ ಅರ್ಜಿಯ ಜೊತೆಗೆ ಕ್ರಿಮಿನಲ್ ದೂರು ಕೊಡುವ ಹಕ್ಕೂ ಇದೆಯೆಂದು ಆಕೆಗೆ ತಿಳಿಸುವುದು ಪೊಲೀಸರ ಕರ್ತವ್ಯ ಎನ್ನುತ್ತದೆ. ಎರಡೂ ಒಟ್ಟಿಗೆ ನಡೆಯಬಹುದು. ಸಿವಿಲ್ ಸ್ವರೂಪದ ಆದೇಶಕ್ಕೆ ಹಲ್ಲಿಲ್ಲ ಎನ್ನುವುದೂ ಸರಿಯಲ್ಲ. ರಕ್ಷಣಾ ಆದೇಶ ಮೀರಿದರೆ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ಜೀವನಾಂಶ ಬಾಕಿ ಉಳಿಸಿದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ. ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕೆಂಬ ಷರತ್ತು ಗೊತ್ತಿಲ್ಲದೆ ಹಕ್ಕಿನ ಹಣವನ್ನು ಕಳೆದುಕೊಂಡವರು ಬಹಳ.

ಮೂರನೆಯವರು ಮಧ್ಯಸ್ಥಿಕೆಯಲ್ಲಿ ಎಲ್ಲವೂ ಬಗೆಹರಿಯುತ್ತದೆ ಎನ್ನುತ್ತಾರೆ. ತರಬೇತಿ ಪಡೆದ ಮಧ್ಯಸ್ಥಗಾರರ ಮುಂದೆ ಕೂತು ಮಾತಾಡುವುದರಿಂದ ಎಷ್ಟೋ ಕುಟುಂಬಗಳಿಗೆ ಒಳಿತಾಗಿದೆ; 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕಾ ಕೇಂದ್ರ ಇದಕ್ಕೆ ನಮ್ಮದೇ ರಾಜ್ಯದ ಉದಾಹರಣೆ. 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈವಾಹಿಕ ವಿವಾದಗಳನ್ನು ಆದಷ್ಟು ಮಧ್ಯಸ್ಥಿಕೆಗೆ ಕಳಿಸಿ ಎಂದಿತು. 2017ರಲ್ಲಿ ದೂರುಗಳನ್ನು ಪರಿಶೀಲಿಸಲು ಜಿಲ್ಲಾ ಕುಟುಂಬ ಕಲ್ಯಾಣ ಸಮಿತಿಗಳನ್ನು ರಚಿಸಲು ಹೇಳಿತು. 2018ರಲ್ಲಿ ಅಂಥ ಸಮಿತಿಗಳಿಗೆ ಕಾನೂನಿನಲ್ಲಿ ಆಧಾರವಿಲ್ಲವೆಂದು ತಾನೇ ತೆಗೆದುಹಾಕಿತು. 2025ರ ಜುಲೈನಲ್ಲಿ, ಅಲಹಾಬಾದ್ ಹೈಕೋರ್ಟ್ 2022ರಲ್ಲಿ ರೂಪಿಸಿದ್ದ ಮಾರ್ಗಸೂಚಿಗಳನ್ನು ಎತ್ತಿಹಿಡಿಯುವ ಮೂಲಕ, ಎಫ್‌ಐಆರ್ ನಂತರ ಎರಡು ತಿಂಗಳು ಬಂಧನವಿಲ್ಲದ ಶಮನಾವಧಿ ಮತ್ತು ಸಮಿತಿಯ ವಿಚಾರಣೆ ಎಂಬ ಪದ್ಧತಿಗೆ ಮತ್ತೆ ಮಾನ್ಯತೆ ಕೊಟ್ಟಿತು. ಬಿಸಿ ಆರಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಆ ಎರಡು ತಿಂಗಳು ಆಕೆ ಎಲ್ಲಿರಬೇಕು, ಏನು ತಿನ್ನಬೇಕು, ಮಗುವಿನ ಶಾಲೆಯ ಫೀಸು ಯಾರು ಕಟ್ಟಬೇಕು? ಶಮನಾವಧಿ ಆರೋಪಿಗೆ ಖಚಿತವಾದ ಲಾಭ, ಫಿರ್ಯಾದಿಗೆ ಕಾಯುವ ಕೆಲಸ ಮಾತ್ರ ಎಂದಾದರೆ ಸಂಧಾನದ ಮೇಜಿನ ಮೇಲೆ ಇಬ್ಬರೂ ಸಮನಾಗಿ ಕೂರುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದವರು ಸಿಕ್ಕಷ್ಟಕ್ಕೆ ಒಪ್ಪಿಕೊಂಡು ಎದ್ದು ಹೋಗುತ್ತಾರೆ. ಅದೇ 60 ದಿನಗಳಲ್ಲಿ ಮಧ್ಯಂತರ ಜೀವನಾಂಶ ಮತ್ತು ವಾಸದ ಆದೇಶ ಬಂದೇ ಬರುತ್ತದೆ ಎಂದಾದರೆ ಈ ವ್ಯವಸ್ಥೆಗೆ ನನ್ನ ವಿರೋಧವಿಲ್ಲ.

ವಕೀಲರ ಶುಲ್ಕದ ಭಯವೂ ಜನರನ್ನು ಠಾಣೆಯ ಕಡೆಗೆ ನೂಕುತ್ತದೆ, ಏಕೆಂದರೆ ದೂರು ಕೊಡಲು ದುಡ್ಡು ಬೇಕಿಲ್ಲ. ಅರ್ಜಿ ಹಾಕಲೂ ಬೇಕಿಲ್ಲ ಎಂಬುದು ಗೊತ್ತಾಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಕಸ್ಟಡಿಯಲ್ಲಿರುವವರು ಎಂದರೆ ಬಂಧಿತನಾದ ಗಂಡನೂ ಸೇರಿದ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಕರೆ ಮಾಡಿಯೂ ನೆರವು ಕೇಳಬಹುದು, ತೊಂದರೆಯಲ್ಲಿರುವ ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ.

ಕರ್ನಾಟಕ ಸರ್ಕಾರದ ಮತ್ತು ಹೈಕೋರ್ಟಿನ ಕೈಯಲ್ಲಿ ಈಗಲೇ ಆಗಬಹುದಾದ ಕೆಲಸಗಳು ಮೂರು. ಆಸ್ತಿ ಆದಾಯದ ಪ್ರಮಾಣಪತ್ರ ಸಲ್ಲಿಸದ ಪಕ್ಷಗಾರರಿಗೆ ಎರಡನೇ ತಾರೀಖು ಕೊಡದೆ, ಇರುವ ದಾಖಲೆಯ ಮೇಲೆಯೇ ಮಧ್ಯಂತರ ಮೊತ್ತ ನಿಗದಿ ಮಾಡುವುದು ರೂಢಿಯಾಗಬೇಕು. ನಾಗರಿಕ ಸುರಕ್ಷಾ ಸಂಹಿತೆ ಈಗ ಸಮನ್ಸನ್ನು ವಿದ್ಯುನ್ಮಾನ ವಿಧಾನದಲ್ಲಿ ಜಾರಿ ಮಾಡಲು ಅವಕಾಶ ಕೊಟ್ಟಿರುವಾಗ, ಜೀವನಾಂಶದ ನೋಟಿಸ್ ವಿಳಾಸ ಸಿಗಲಿಲ್ಲವೆಂಬ ಷರಾ ಹೊತ್ತು ಮರಳಬಾರದು. ಮೂರನೆಯದು ಸಂರಕ್ಷಣಾಧಿಕಾರಿಯ ಹುದ್ದೆ. ಅದು ಅಂಗನವಾಡಿಗಳ ಹೊರೆಯ ಮೇಲಿನ ಹೆಚ್ಚುವರಿ ಹೊರೆಯಾಗಿರದೆ, ಪ್ರತಿ ತಾಲ್ಲೂಕಿಗೆ ಪೂರ್ಣಾವಧಿಯ ಒಬ್ಬರು, ಅವರಿಗೊಂದು ವಾಹನ, ಕಾನೂನು ತಿಳಿದ ಒಬ್ಬ ಸಹಾಯಕರು ಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೆಹಲಿಯ ಒಪ್ಪಿಗೆಯೂ ಬೇಕಿಲ್ಲ. ಪ್ರತಿ ಜಿಲ್ಲೆಗೆ ಅಗತ್ಯವಿರುವಷ್ಟು ಸಂರಕ್ಷಣಾಧಿಕಾರಿಗಳನ್ನು ನೇಮಿಸುವ ಅಧಿಕಾರವನ್ನು ಕೌಟುಂಬಿಕ ದೌರ್ಜನ್ಯ ಕಾಯ್ದೆಯ 8ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ.